ಮಾರ್ಕೋನಿಯ ಮರುಯೋಚನೆ

ಇಟಲಿಯ ಬೊಲೊನ್ಯಾ ನಗರದಲ್ಲಿ 1874ರ ಏಪ್ರಿಲ್ 25ರಂದು ಗುಲಿಯೆಲ್ಮೊ ಮಾರ್ಕೋನಿ ಜನಿಸಿದನು. ತಂದೆ ಅನುಕೂಲಸ್ಥ ಜಮೀನುದಾರ, ತಾಯಿ ಐರ್ಲೆಂಡಿನವಳು. ಜರ್ಮನಿಯ ವಿಜ್ಞಾನಿ ಹರ್ಟ್ಸ್ ಪ್ರಯೋಗಶಾಲೆಯಲ್ಲಿ ಉತ್ಪಾದಿಸಿ ತೋರಿಸಿದ್ದ ವಿದ್ಯುತ್ಕಾಂತ ತರಂಗಗಳ ವಿಷಯವನ್ನು ಓದಿದ ಈ ತರುಣನಿಗೆ, ತಂತಿಯ ಹಂಗಿಲ್ಲದೆ ಸುದ್ದಿ ಕಳುಹಿಸುವ ಹಂಬಲ ಹತ್ತಿತು. 1895ರಲ್ಲಿ ಅವನು ತನ್ನ ಮನೆಯಿಂದ ಗುಡ್ಡದಾಚೆಗೆ ಸಂಕೇತ ಕಳುಹಿಸಿದಾಗ, ಅದು ತಲುಪಿತೆಂಬುದನ್ನು ಅಣ್ಣನು ಬಂದೂಕು ಹಾರಿಸಿ ತಿಳಿಸಿದನು.

ನೀರಿನ ಅಲೆಗಳಂತೆ ಈ ತರಂಗಗಳಿಗೂ ಒಂದು ಶಿಖರದಿಂದ ಇನ್ನೊಂದು ಶಿಖರಕ್ಕೆ ಇಂತಿಷ್ಟು ಅಂತರವುಂಟು. ಅದೇ ತರಂಗದೂರ. ಯಾವ ತರಂಗದೂರವನ್ನು ಆರಿಸಬೇಕೆಂಬುದೇ ಆಗಿನ ದೊಡ್ಡ ಪ್ರಶ್ನೆ. ಅದೇ ಕಾಲದಲ್ಲಿ ಕಲ್ಕತ್ತೆಯ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್‌ಗಳ ತರಂಗಗಳನ್ನು ಆರಿಸಿಕೊಂಡಿದ್ದರು. ಅವರಿಗೆ ಬೇಕಾಗಿದ್ದುದು ತರಂಗಗಳ ಗುಣಸ್ವಭಾವದ ಜ್ಞಾನ. ಮಾರ್ಕೋನಿಗೆ ಬೇಕಾಗಿದ್ದುದು ದೂರ. ಎತ್ತರದ ಆಂಟೆನಾ ಕಟ್ಟಿ, ಉಪಕರಣದ ಇನ್ನೊಂದು ತುದಿಯನ್ನು ನೆಲಕ್ಕೆ ಜೋಡಿಸಿ, ಅವನು ಉದ್ದನೆಯ ತರಂಗಗಳತ್ತ ಹೊರಳಿದನು.

1896ರಲ್ಲಿ ಅವನು ಇಂಗ್ಲೆಂಡಿಗೆ ಹೋದನು. ಮರುವರ್ಷ ಅವನ ಸಂಸ್ಥೆ ಹುಟ್ಟಿತು. 1901ರ ಸೆಪ್ಟೆಂಬರಿನಲ್ಲಿ ಪೋಲ್ಡೂ ಕೇಂದ್ರದ ಆಂಟೆನಾ ಕಂಬಗಳು ಬಿರುಗಾಳಿಗೆ ಉರುಳಿಬಿದ್ದರೂ ಅವನು ಎದೆಗುಂದಲಿಲ್ಲ. ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದಾಚೆ ನ್ಯೂಫೌಂಡ್‌ಲೆಂಡಿನಲ್ಲಿ, ಗಾಳಿಪಟದಿಂದ ಇಳಿಬಿಟ್ಟ ತಂತಿಯ ಮೂಲಕ ಪೋಲ್ಡೂವಿನ ಸಂಕೇತ ಕೇಳಿಸಿತೆಂದು ಜಗತ್ತಿಗೆ ಸಾರಿದನು. ಹಲವರು ನಂಬಲಿಲ್ಲ. ಮರುವರ್ಷ ಹಡಗಿನಲ್ಲಿ ಪ್ರಯಾಣ ಮಾಡುತ್ತ ಪರೀಕ್ಷಿಸಿದಾಗ, ಸಂಕೇತಗಳು ಇರುಳಿನಲ್ಲಿ ಬಹುದೂರ ಹೋಗಿ, ಹಗಲಿನಲ್ಲಿ ಬೇಗ ಸೊರಗುವುದು ಕಂಡಿತು. ತರಂಗ ಉದ್ದವಾದಷ್ಟೂ ಕೇಂದ್ರ ಬಲವಾದಷ್ಟೂ ಹಗಲಿನ ತೊಡಕು ನೀಗುವುದೆಂದು ಅವನು ನಿರ್ಧರಿಸಿದನು. ಹೀಗೆ ಭಾರಿ ಯಂತ್ರಗಳೂ ಮೈಲುಗಟ್ಟಲೆ ತಂತಿಯೂ ಉಳ್ಳ ಕೇಂದ್ರಗಳು ಎದ್ದವು. 1909ರಲ್ಲಿ ಬ್ರೌನ್ ಎಂಬ ಜರ್ಮನ್ ವಿಜ್ಞಾನಿಯೊಡನೆ ನೊಬೆಲ್ ಪಾರಿತೋಷಕವೂ ಬಂದಿತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕಿ ಉಳಿದವರು ಅವನ ಸಂಸ್ಥೆಯ ಉಪಕರಣಕ್ಕೆ ಋಣಿಗಳಾದರು.

ಅದೇ ವರ್ಷ ಅಮೆರಿಕದ ಶಾಸನವೊಂದು 200 ಮೀಟರಿಗಿಂತ ಕಿರಿದಾದ ತರಂಗಗಳನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತು. ಅವು ಕೆಲಸಕ್ಕೆ ಬಾರವೆಂಬುದೇ ತಜ್ಞರ ಎಣಿಕೆ. ಕಸವೆಂದು ಎಸೆದುದರಲ್ಲಿಯೇ ನಿಧಿಯಿತ್ತು!

ಹವ್ಯಾಸಿಗಳ ಸಂಕೇತಗಳು ಸಾಗರ ದಾಟತೊಡಗಿದವು. ಮಾರ್ಕೋನಿ ತನ್ನ ಸಹಾಯಕ ಫ್ರಾಂಕ್ಲಿನ್ನನೊಡನೆ ಕಿರುತರಂಗಗಳನ್ನು ಮತ್ತೆ ಕೈಗೆತ್ತಿಕೊಂಡನು. 1923ರಲ್ಲಿ ತನ್ನ ಎಲೆಟ್ರಾ ನೌಕೆಯಲ್ಲಿ ಕೇಪ್ ವರ್ಡ್ ದ್ವೀಪಗಳವರೆಗೆ ಸಾಗಿ, ಸುಮಾರು 97 ಮೀಟರ್ ತರಂಗದೂರದ ಸಂಕೇತಗಳನ್ನು ಆಲಿಸಿದನು. ಪೋಲ್ಡೂವಿನಿಂದ ಒಂದು ಕಿಲೋವ್ಯಾಟ್ ಬಲದಲ್ಲಿ ಬಂದ ಸಂಕೇತವು, ರಾತ್ರಿಯ ವೇಳೆ, ತನ್ನದೇ ಸಂಸ್ಥೆಯ ದೈತ್ಯ ದೀರ್ಘತರಂಗ ಕೇಂದ್ರದ ಸಂಕೇತಕ್ಕಿಂತ ಸ್ಪಷ್ಟವಾಗಿತ್ತು. ಉಳಿದದ್ದು ಹಗಲಿನ ಸಮಸ್ಯೆ. ತರಂಗವನ್ನು ಹಿಗ್ಗಿಸುವುದಲ್ಲ, ಇನ್ನೂ ಕುಗ್ಗಿಸುವುದೇ ಅದಕ್ಕೆ ಪರಿಹಾರವೆಂದು 1924ರಲ್ಲಿ ಗೊತ್ತಾಯಿತು: 32 ಮೀಟರ್ ತರಂಗ ದಿನವಿಡೀ ಬೈರೂತಿನಲ್ಲಿ ಕೇಳಿಸಿತು. ಮೇಲಿನ ಆಕಾಶದ ವಿದ್ಯುದಾವಿಷ್ಟ ಪದರಗಳಿಂದ ಇಂತಹ ತರಂಗಗಳು ಬಾಗಿ ಮರಳಿ ಭೂಮಿಗೆ ಬರುತ್ತವೆ.

ಐವತ್ತರ ಮಾರ್ಕೋನಿಯ ಮುಂದೆ ಕಠಿಣವಾದ ಆಯ್ಕೆಯಿತ್ತು. ಕಿರುತರಂಗವನ್ನು ಒಪ್ಪಿದರೆ, ಇಪ್ಪತ್ತು ವರ್ಷ ತಾನೇ ಪ್ರತಿಪಾದಿಸಿದ ಮಾರ್ಗವೂ ಅದಕ್ಕಾಗಿ ಸುರಿದ ಹಣವೂ ಹಿಂದೆ ಬೀಳುತ್ತಿದ್ದವು. ಅವನು ಒಪ್ಪಿದನು. ಸಂಕೇತವನ್ನು ದೀಪದ ಕಿರಣದಂತೆ ಒಂದೇ ದಿಕ್ಕಿಗೆ ಹರಿಸುವ ಕೇಂದ್ರಗಳನ್ನು ಕಟ್ಟಲು 1924ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರದೊಡನೆ ಕರಾರಾಯಿತು. 1926ರಲ್ಲಿ ಕೆನಡ, ಮರುವರ್ಷ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮತ್ತು ಭಾರತ ಈ ಜಾಲಕ್ಕೆ ಸೇರಿದವು. ಭಾರತದ ಪ್ರೇಷಕ ಕೇಂದ್ರ ಪುಣೆಯ ಬಳಿಯ ಖಡಕಿಯಲ್ಲಿ, ಗ್ರಾಹಕ ಕೇಂದ್ರ ದೌಂಡಿನಲ್ಲಿ ಇದ್ದವು. ಅಗ್ಗದ ಈ ಸೇವೆಯ ಮುಂದೆ ಸಮುದ್ರದಡಿಯ ತಂತಿಯ ಸಂಸ್ಥೆಗಳು ತತ್ತರಿಸಿ, 1929ರಲ್ಲಿ ನಿಸ್ತಂತು ಸೇವೆಯೊಡನೆ ಒಂದಾದವು.

ಫ್ಯಾಸಿಸ್ಟ್ ಪಕ್ಷವನ್ನು ಸೇರಿ ಮುಸೊಲಿನಿಯ ಬೆಂಬಲಿಗನಾದುದು ಅವನ ಕೀರ್ತಿಗೆ ಅಂಟಿದ ಕಳಂಕ. ಆದರೆ ಪ್ರಯೋಗ ಮಾತ್ರ ನಿಲ್ಲಲಿಲ್ಲ. ಕೊನೆಯ ವರ್ಷಗಳಲ್ಲಿ ಅವನು ಒಂದು ಮೀಟರಿಗಿಂತ ಕಿರಿದಾದ ತರಂಗಗಳನ್ನು ಪರೀಕ್ಷಿಸುತ್ತಿದ್ದನು. 1937ರ ಜುಲೈ 20ರಂದು ರೋಮಿನಲ್ಲಿ ನಿಧನನಾದನು. ಅಂತ್ಯಕ್ರಿಯೆಯ ದಿನ ಬ್ರಿಟನ್ನಿನ ನಿಸ್ತಂತು ಕೇಂದ್ರಗಳು ಎರಡು ನಿಮಿಷ ಮೌನವಾಗಿದ್ದವು.