ಫುಟ್‌ಬಾಲ್ ಕ್ರೀಡಾರ್ಥಿಗಳಿಗೆ ಮಾದರಿ ಜೀವನ: ತರಬೇತುದಾರ ಸೈಯದ್ ಅಬ್ದುಲ್ ರಹೀಮ್ (1909–1963)

ಪೀಠಿಕೆ

ಬೆಂಗಳೂರು ದಕ್ಷಿಣ ಭಾಗದ ಬೇಗೂರು, ಬನಶಂಕರಿ, ಜಯನಗರ, ಜೆ.ಪಿ.ನಗರ, ಬಿ.ಟಿ.ಎಂ. ಬಡಾವಣೆ ಮುಂತಾದ ಪ್ರದೇಶಗಳಲ್ಲಿ ಫುಟ್‌ಬಾಲ್ ಆಟವನ್ನು ಕ್ರಮಬದ್ಧವಾಗಿ ಕಲಿಯಲು ಬಯಸುವ ಬಾಲಕ ಬಾಲಕಿಯರಿದ್ದಾರೆ. ಕ್ರೀಡಾ ವಸತಿ ನಿಲಯದ ಪ್ರವೇಶಕ್ಕೆ, ತರಬೇತಿ ಶಿಬಿರಕ್ಕೆ ಅಥವಾ ಕ್ರೀಡಾ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವ ಪೋಷಕರಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಮೂಡುತ್ತವೆ. ಮಗುವಿಗೆ ಎಂತಹ ತರಬೇತಿ ದೊರೆಯಬೇಕು ಎಂಬುದು ಮೊದಲನೆಯದು. ಆಟವನ್ನೇ ನಂಬಿದರೆ ಮುಂದಿನ ಬದುಕು ಹೇಗೆ ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗೆ ತಮ್ಮ ಜೀವನದ ಮೂಲಕವೇ ಉತ್ತರ ನೀಡಿದವರು ಭಾರತ ಫುಟ್‌ಬಾಲ್ ತಂಡದ ತರಬೇತುದಾರರಾಗಿದ್ದ ದಿವಂಗತ ಸೈಯದ್ ಅಬ್ದುಲ್ ರಹೀಮ್‌ರವರು. ಕ್ರೀಡಾರ್ಥಿಗಳ ಹಾಗೂ ಪೋಷಕರ ಉಪಯೋಗಕ್ಕಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಹೀಮ್‌ರವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಅಂದಿನ ಹೈದರಾಬಾದ್ ಸಂಸ್ಥಾನವು ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಇಂದು ಕಲ್ಯಾಣ ಕರ್ನಾಟಕಕ್ಕೆ ಸೇರಿರುವ ಬೀದರ್, ಕಲಬುರಗಿ ಮತ್ತು ರಾಯಚೂರು ಪ್ರದೇಶಗಳೂ ಅದೇ ಸಂಸ್ಥಾನದ ಭಾಗವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರ್ಪಡೆಯಾದವು. ರಹೀಮ್‌ರವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಲ್ಲಿ ಆಡುತ್ತಿದ್ದರು.

ಪದವಿಯ ನಂತರ ಅವರು ಆರಿಸಿಕೊಂಡ ವೃತ್ತಿ ಶಾಲಾ ಶಿಕ್ಷಕರದು. ಕಾಚಿಗುಡ ಮಾಧ್ಯಮಿಕ ಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಸೇರಿದಂತೆ ಹೈದರಾಬಾದಿನ ಹಲವು ಶಾಲೆಗಳಲ್ಲಿ ಸೇವೆ ಸಲ್ಲಿಸಿದರು. ಬಳಿಕ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಕ್ರೀಡಾ ಚಟುವಟಿಕೆಗಳ ಹೊಣೆಯನ್ನು ವಹಿಸಿಕೊಂಡರು. ಫುಟ್‌ಬಾಲ್ ಆಟದಿಂದ ಜೀವನ ನಿರ್ವಹಣೆ ಸಾಧ್ಯವಿಲ್ಲದಿದ್ದ ಕಾಲವದು. ಓದು, ಉದ್ಯೋಗ ಮತ್ತು ಆಟ ಈ ಮೂರನ್ನೂ ಕೈಬಿಡದೆ ನಡೆದುದೇ ಅವರ ಮುಂದಿನ ಸಾಧನೆಗೆ ಅಡಿಪಾಯವಾಯಿತು. ತರಗತಿಯಲ್ಲಿ ಪಾಠ ಹೇಳುವ ಶಿಸ್ತು ಮೈದಾನದ ತರಬೇತಿಗೂ ಬಂದಿತು.

ಆಡಳಿತಗಾರರಾಗಿ, ತರಬೇತುದಾರರಾಗಿ

1940ರ ದಶಕದಲ್ಲಿ ರಹೀಮ್‌ರವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಬಾಲಕರಿಗಾಗಿ ಪಂದ್ಯಾವಳಿಗಳನ್ನು ಏರ್ಪಡಿಸಿ, ಶಾಲೆಗಳಿಂದಲೇ ಪ್ರತಿಭೆಗಳನ್ನು ಗುರುತಿಸುವ ಪದ್ಧತಿಯನ್ನು ರೂಢಿಗೆ ತಂದರು. 1950ರಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿಯ ಹೊಣೆ ಅವರಿಗೆ ಬಂದಿತು. ಸದರಿ ತಂಡವು ಆ ವರ್ಷ ಡ್ಯುರಾಂಡ್ ಕಪ್ ಗೆದ್ದಿತಲ್ಲದೆ, 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಅನ್ನು ತನ್ನದಾಗಿಸಿಕೊಂಡಿತು. ಕಲ್ಕತ್ತೆಯ ಹೆಸರಾಂತ ಕ್ಲಬ್‌ಗಳ ಎದುರಿನಲ್ಲಿ ಪೊಲೀಸ್ ಇಲಾಖೆಯ ನೌಕರರ ತಂಡವೊಂದು ಹೀಗೆ ನಿಂತುದು ದೇಶದ ಗಮನ ಸೆಳೆಯಿತು. ಆಟಗಾರರಿಗೆ ಇಲಾಖೆಯ ಉದ್ಯೋಗವಿದ್ದುದರಿಂದ ಸಂಸಾರದ ಚಿಂತೆ ತಗ್ಗಿ, ಅಭ್ಯಾಸಕ್ಕೆ ಮನಸ್ಸು ಕೊಡಲು ಅನುಕೂಲವಾಯಿತು.

ತರಬೇತಿಯ ಕ್ರಮ

ರಹೀಮ್‌ರವರ ತರಬೇತಿಯ ವಿಶೇಷವೆಂದರೆ ಕಲಿಸಬೇಕಾದ ಒಂದು ಕೌಶಲಕ್ಕೆ ತಕ್ಕಂತೆ ಆಟದ ನಿಯಮವನ್ನೇ ಬದಲಿಸುವುದು. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಒಬ್ಬನೇ ನುಗ್ಗುವುದನ್ನು ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ನಡೆಸಿದರು. ಇಂತಹ ಪಂದ್ಯದಲ್ಲಿ ಆಟಗಾರನು ಚೆಂಡು ಬರುವ ಮೊದಲೇ ಸಹ ಆಟಗಾರರು ಎಲ್ಲಿದ್ದಾರೆಂದು ನೋಡಿಕೊಳ್ಳಲೇಬೇಕಾಗುತ್ತಿತ್ತು. ಹಾಗೆಯೇ ರೂಢಿಯಿಲ್ಲದ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ನಿಯಮದ ಪಂದ್ಯಗಳೂ ಇದ್ದವು. ಬಲಗಾಲಿನ ಆಟಗಾರನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು ಹೀಗೆ ಪಳಗುತ್ತಿತ್ತು. ಚೆಂಡು ಮತ್ತು ಮೈದಾನದ ಹೊರತಾಗಿ ಈ ಅಭ್ಯಾಸಗಳಿಗೆ ಯಾವುದೇ ವೆಚ್ಚದ ಸಾಮಗ್ರಿ ಬೇಕಿರಲಿಲ್ಲ.

ಆಟಗಾರನ ಸ್ವಭಾವ ಹಾಗೂ ದೈಹಿಕ ಸಾಮರ್ಥ್ಯವನ್ನು ಅರಿತು ಅವನಿಗೆ ತಕ್ಕ ಸ್ಥಾನವನ್ನು ನೀಡುವುದು ಅವರ ಇನ್ನೊಂದು ಗುಣ. ಅಗತ್ಯ ಬಿದ್ದಾಗ ಒಬ್ಬನನ್ನು ಬೇರೆ ಸ್ಥಾನದಲ್ಲಿ ಆಡಿಸುವ ಧೈರ್ಯವೂ ಅವರಲ್ಲಿತ್ತು.

ಭಾರತ ತಂಡದ ಹೊಣೆ: ಗೆಲುವು ಮತ್ತು ಸೋಲು

1951ರಲ್ಲಿ ನವದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡವು ರಹೀಮ್‌ರವರ ಮಾರ್ಗದರ್ಶನದಲ್ಲಿ ಇರಾನ್ ತಂಡವನ್ನು 1–0 ಗೋಲಿನಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಬೆಂಗಳೂರಿನ ಅಹ್ಮದ್ ಖಾನ್‌ರವರು ಈ ತಂಡದ ಪ್ರಮುಖ ಆಟಗಾರರಾಗಿದ್ದರು.

ಮರುವರ್ಷವೇ ಕಠಿಣ ಪರೀಕ್ಷೆ ಎದುರಾಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವು ಯುಗೊಸ್ಲಾವಿಯಾ ವಿರುದ್ಧ 10–1 ಗೋಲುಗಳಿಂದ ಸೋತಿತು. ಭಾರತದ ಏಕೈಕ ಗೋಲನ್ನು ಗಳಿಸಿದವರು ಅಹ್ಮದ್ ಖಾನ್. ತಂಡದ ಅನೇಕರು ಬರಿಗಾಲಿನಲ್ಲಿ ಆಡಿದ್ದರು. ಚಳಿಯ ನಾಡಿನ ಒದ್ದೆ ಮೈದಾನದಲ್ಲಿ ಬರಿಗಾಲಿನ ಆಟ ಸಾಗದೆಂಬುದು ಈ ಪಂದ್ಯದಿಂದ ಸ್ಪಷ್ಟವಾಯಿತು. ತರುವಾಯ ದೇಶದಲ್ಲಿ ಬೂಟು ಧರಿಸಿ ಆಡುವುದನ್ನು ಕಡ್ಡಾಯಗೊಳಿಸಲಾಯಿತು.

ಇಷ್ಟು ದೊಡ್ಡ ಸೋಲಿನ ನಂತರ ಮತ್ತೆ ತಂಡ ಕಟ್ಟುವುದು ಸುಲಭವಾಗಿರಲಿಲ್ಲ. ನಾಲ್ಕು ವರ್ಷಗಳ ಬಳಿಕ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್‌ರವರ ತಂಡವು ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾರವರು ಈ ಪಂದ್ಯದಲ್ಲಿ ಮೂರು ಗೋಲು ಗಳಿಸಿದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಸೆಮಿಫೈನಲ್ ತಲುಪಿದ ಪ್ರಥಮ ಏಷ್ಯಾ ರಾಷ್ಟ್ರವೆಂಬ ಗೌರವ ಭಾರತಕ್ಕೆ ದೊರೆಯಿತು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ 4–1ರಿಂದ, ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ ವಿರುದ್ಧ 3–0ರಿಂದ ಸೋತ ತಂಡವು ನಾಲ್ಕನೆಯ ಸ್ಥಾನ ಪಡೆಯಿತು. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಬಿಟ್ಟುಕೊಟ್ಟಿದ್ದ ದೇಶಕ್ಕೆ ಇದು ಸಣ್ಣ ಸಾಧನೆಯಾಗಿರಲಿಲ್ಲ.

ಬೆಂಗಳೂರಿನ ಮತ್ತೊಬ್ಬ ಆಟಗಾರರಾದ ಕೆಂಪಯ್ಯನವರು 1956ರ ತಂಡದಲ್ಲಿಯೂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿಯೂ ಇದ್ದರು. ರೋಮ್‌ನಲ್ಲಿ ಭಾರತವು ಬಲಿಷ್ಠ ಹಂಗೇರಿಗೆ 2–1ರ ಅಲ್ಪ ಅಂತರದಲ್ಲಿ ಸೋತು, ಫ್ರಾನ್ಸ್ ಜೊತೆ 1–1ರ ಸಮಬಲ ಸಾಧಿಸಿ, ಪೆರು ವಿರುದ್ಧ 3–1ರಿಂದ ಸೋತಿತು. ಆ ನಂತರ ಭಾರತದ ಪುರುಷರ ಫುಟ್‌ಬಾಲ್ ತಂಡವು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿಲ್ಲ.

ಜಕಾರ್ತ, 1962

ರಹೀಮ್‌ರವರ ಕೊನೆಯ ಹಾಗೂ ಅತಿ ದೊಡ್ಡ ಸಾಧನೆ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ್ದು. ಬೆಂಗಳೂರಿನ ಅರುಮೈನಾಯಗಂರವರೂ ಈ ತಂಡದಲ್ಲಿದ್ದರು. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಾ ವಿರುದ್ಧ 2–0ರಿಂದ ಸೋತಿತು. ನಂತರ ಥಾಯ್ಲೆಂಡ್ ವಿರುದ್ಧ 4–1ರಿಂದ, ಜಪಾನ್ ವಿರುದ್ಧ 2–0ರಿಂದ ಗೆದ್ದು ಚೇತರಿಸಿಕೊಂಡಿತು. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್‌ರವರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು.

ಹಿಂಭಾಗದಲ್ಲಿ ಆಡುವವನು ಎದುರಾಳಿಯ ಚೆಂಡನ್ನು ಪದೇ ಪದೇ ತಲೆಯಿಂದ ತಡೆಯಬೇಕಾಗುತ್ತದೆ. ಗಾಯಗೊಂಡ ಆಟಗಾರನನ್ನು ಅಲ್ಲಿ ನಿಲ್ಲಿಸುವುದು ತಂಡಕ್ಕೂ ಅಪಾಯ, ಆಟಗಾರನಿಗೂ ಅಪಾಯ. ರಹೀಮ್‌ರವರು ಜರ್ನೈಲ್ ಸಿಂಗ್‌ರವರನ್ನು ಮುನ್ನಡೆಯಲ್ಲಿ ಆಡಿಸಲು ತೀರ್ಮಾನಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧದ 3–2ರ ಗೆಲುವಿನಲ್ಲಿ ಅವರೊಂದು ಗೋಲು ಗಳಿಸಿದರು.

ಫೈನಲ್ ಪಂದ್ಯವು ಸೆಪ್ಟೆಂಬರ್ 4ರಂದು ದಕ್ಷಿಣ ಕೊರಿಯಾ ಎದುರೇ ನಡೆಯಿತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿಯವರು ಆಕ್ಷೇಪಿಸಿದ್ದ ಕಾರಣ ಜಕಾರ್ತದ ಪ್ರೇಕ್ಷಕರು ಭಾರತದ ವಿರುದ್ಧ ಕೆರಳಿದ್ದರು. ಕ್ರೀಡಾಂಗಣ ತುಂಬ ವಿರೋಧದ ಕೂಗಿತ್ತು. ಜ್ವರದಿಂದ ಬಳಲಿದ್ದ ಗೋಲ್‌ಕೀಪರ್ ಪೀಟರ್ ತಂಗರಾಜ್‌ರವರನ್ನು ರಹೀಮ್‌ರವರು ಈ ಪಂದ್ಯಕ್ಕೆ ಮರಳಿ ಆಯ್ಕೆ ಮಾಡಿದರು. ಮೊದಲ ಅವಧಿಯಲ್ಲಿಯೇ ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ತಲಾ ಒಂದು ಗೋಲು ಗಳಿಸಿದರು. ಕೊರಿಯಾ ಕೊನೆಯ ಹಂತದಲ್ಲಿ ಒಂದು ಗೋಲು ಹಿಂತಿರುಗಿಸಿದರೂ ಭಾರತವು 2–1ರಿಂದ ಗೆದ್ದು ಚಿನ್ನದ ಪದಕ ಪಡೆಯಿತು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ದೊರೆತ ಎರಡನೆಯ ಚಿನ್ನವಿದು. ಮೂರನೆಯದು ಇನ್ನೂ ದೊರೆತಿಲ್ಲ.

ಅಂತಿಮ ದಿನಗಳು

ರಹೀಮ್‌ರವರಿಗೆ ಅತಿಯಾದ ಧೂಮಪಾನದ ಅಭ್ಯಾಸವಿತ್ತು. ಶ್ವಾಸಕೋಶದ ಕ್ಯಾನ್ಸರ್ ರೋಗಕ್ಕೆ ತುತ್ತಾದ ಅವರು ಜಕಾರ್ತದ ವಿಜಯದ ನಂತರ ಒಂದು ವರ್ಷವೂ ಬದುಕಿ ಉಳಿಯಲಿಲ್ಲ. 1963ರ ಜೂನ್ 11ರಂದು ತಮ್ಮ 53ನೆಯ ವಯಸ್ಸಿನಲ್ಲಿ ನಿಧನರಾದರು. ಆಟಗಾರರ ದೇಹಶಕ್ತಿಯನ್ನು ಅಷ್ಟು ಕಾಳಜಿಯಿಂದ ರೂಪಿಸಿದವರು ತಮ್ಮ ಆರೋಗ್ಯವನ್ನು ಕಾಯ್ದುಕೊಳ್ಳಲಾಗದೆ ಹೋದುದು ದೇಶದ ಫುಟ್‌ಬಾಲ್‌ಗೆ ಆದ ದೊಡ್ಡ ನಷ್ಟ. ಅವರ ಜೀವನವನ್ನು ಆಧರಿಸಿದ ಹಿಂದಿ ಚಲನಚಿತ್ರ ಮೈದಾನ್ 2024ರಲ್ಲಿ ತೆರೆಕಂಡು, ಹೊಸ ಪೀಳಿಗೆಗೆ ಅವರ ಹೆಸರನ್ನು ಪರಿಚಯಿಸಿತು.

ಅವರ ಪುತ್ರ ಸೈಯದ್ ಶಾಹಿದ್ ಹಕೀಮ್‌ರವರು ತಂದೆಯ ಹಾದಿಯಲ್ಲಿಯೇ ನಡೆದರು. 1960ರ ಒಲಿಂಪಿಕ್ಸ್ ತಂಡದ ಸದಸ್ಯರಾಗಿದ್ದ ಅವರು ಭಾರತೀಯ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಹುದ್ದೆಯವರೆಗೆ ಸೇವೆ ಸಲ್ಲಿಸಿದರು. ಅಂತಾರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಅಧಿಕಾರಿಯಾಗಿಯೂ ಕಾರ್ಯ ನಿರ್ವಹಿಸಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಂದಿತು. 2021ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ನಿಧನರಾದರು. ಆಟಗಾರನಾಗಿ ಮೈದಾನದಲ್ಲಿ ಅವಕಾಶ ಸೀಮಿತವಾಗಿದ್ದರೂ ಫುಟ್‌ಬಾಲ್‌ನಲ್ಲಿಯೇ ಇಡೀ ಬದುಕನ್ನು ಕಟ್ಟಿಕೊಳ್ಳಬಹುದೆಂಬುದಕ್ಕೆ ಅವರ ಜೀವನವೂ ನಿದರ್ಶನ.

ಕ್ರೀಡಾರ್ಥಿಗಳು ಮತ್ತು ಪೋಷಕರು ಗಮನಿಸಬೇಕಾದ ಅಂಶಗಳು

ಮೇಲ್ಕಂಡ ಜೀವನದಿಂದ ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗ್ರಹಿಸಬಹುದಾಗಿದೆ.

1. ವಿದ್ಯಾಭ್ಯಾಸವನ್ನು ಮುಂದುವರಿಸುವುದು: ರಹೀಮ್‌ರವರ ಪದವಿ ಮತ್ತು ಡಿಪ್ಲೊಮಾ ಅವರನ್ನು ತರಬೇತುದಾರರನ್ನಾಗಿ ರೂಪಿಸಿದವು. ಆಟದ ನೆಪದಲ್ಲಿ ಓದನ್ನು ನಿಲ್ಲಿಸುವುದು ಸೂಕ್ತವಲ್ಲ. ಗಾಯದಿಂದ ಆಟ ನಿಂತರೂ ವಿದ್ಯೆ ಕೈ ಬಿಡುವುದಿಲ್ಲ.

2. ತರಬೇತಿಯಲ್ಲಿ ಮೂಲಭೂತ ಕೌಶಲಕ್ಕೆ ಆದ್ಯತೆ: ಎಳೆಯ ವಯಸ್ಸಿನಲ್ಲಿ ಗೆಲುವಿನ ಸಂಖ್ಯೆಗಿಂತ ಎರಡೂ ಕಾಲುಗಳ ಬಳಕೆ, ಚೆಂಡನ್ನು ನೀಡುವ ಮತ್ತು ಪಡೆಯುವ ಅಭ್ಯಾಸ ಮುಖ್ಯ. ಇದನ್ನು ಬಡಾವಣೆಯ ಆಟದ ಮೈದಾನದಲ್ಲಿಯೂ ಮಾಡಬಹುದು. ದುಬಾರಿ ತರಬೇತಿ ಶುಲ್ಕವೇ ಉತ್ತಮ ತರಬೇತಿಯ ಗುರುತಲ್ಲ.

3. ಆಟದ ಜೊತೆಗೆ ಉದ್ಯೋಗ: ಹೈದರಾಬಾದಿನಲ್ಲಿ ಪೊಲೀಸ್ ಇಲಾಖೆ ಆಟಗಾರರಿಗೆ ಆಸರೆಯಾದಂತೆ, ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸಂಸ್ಥೆಗಳು ಫುಟ್‌ಬಾಲ್ ತಂಡಗಳನ್ನು ಬೆಳೆಸಿದವು. 1977ರ ಪ್ರಥಮ ಫೆಡರೇಷನ್ ಕಪ್ ಗೆದ್ದುದು ಬೆಂಗಳೂರಿನ ಐ.ಟಿ.ಐ. ತಂಡವೇ. ವೃತ್ತಿಪರ ಕ್ಲಬ್‌ಗಳಲ್ಲಿ ಸ್ಥಾನ ಪಡೆಯುವವರು ಕೆಲವರು ಮಾತ್ರ. ಆದ್ದರಿಂದ ಕ್ರೀಡಾ ಮೀಸಲಾತಿಯ ಹುದ್ದೆಗಳು, ದೈಹಿಕ ಶಿಕ್ಷಣ, ತರಬೇತುದಾರರ ಪರವಾನಗಿ, ರೆಫರಿ ವೃತ್ತಿ ಇವುಗಳ ಬಗ್ಗೆ ಮೊದಲೇ ತಿಳಿದಿರುವುದು ಒಳಿತು.

4. ಆರೋಗ್ಯ: ತಂಬಾಕು ಮತ್ತು ಧೂಮಪಾನದಿಂದ ಸಂಪೂರ್ಣವಾಗಿ ದೂರವಿರತಕ್ಕದ್ದು. ತಲೆಗೆ ಪೆಟ್ಟಾದಲ್ಲಿ ವೈದ್ಯರ ಅನುಮತಿಯಿಲ್ಲದೆ ಮೈದಾನಕ್ಕೆ ಮರಳಬಾರದು. ಜಕಾರ್ತದ ಕಾಲದ ನಿರ್ಧಾರವನ್ನು ಇಂದಿನ ವೈದ್ಯಕೀಯ ತಿಳಿವಳಿಕೆಯಂತೆ ಅನುಸರಿಸತಕ್ಕದ್ದಲ್ಲ.

5. ದಾಖಲೆಗಳು: ಜನನ ಪ್ರಮಾಣಪತ್ರ, ಶಾಲಾ ದಾಖಲೆ ಮತ್ತು ಆಧಾರ್ ಕಾರ್ಡಿನಲ್ಲಿ ಹೆಸರು ಹಾಗೂ ಜನ್ಮ ದಿನಾಂಕ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ವಯೋಮಿತಿಯ ಪಂದ್ಯಾವಳಿಗಳಲ್ಲಿ ಅನೇಕ ಮಕ್ಕಳು ಅವಕಾಶ ಕಳೆದುಕೊಳ್ಳುವುದು ಈ ವ್ಯತ್ಯಾಸದಿಂದಲೇ. ಭಾಗವಹಿಸಿದ ಪ್ರತಿ ಪಂದ್ಯಾವಳಿಯ ಪ್ರಮಾಣಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

6. ಸೋಲನ್ನು ಪಾಠವಾಗಿ ಸ್ವೀಕರಿಸುವುದು: ಒಮ್ಮೆ ಆಯ್ಕೆಯಾಗದಿದ್ದರೆ ಪ್ರಯತ್ನ ಕೈಬಿಡುವ ಅಗತ್ಯವಿಲ್ಲ. 1952ರ ಹೆಲ್ಸಿಂಕಿಗೂ 1956ರ ಮೆಲ್ಬರ್ನ್‌ಗೂ ನಡುವೆ ಇದ್ದುದು ನಾಲ್ಕು ವರ್ಷಗಳ ಅಭ್ಯಾಸ.

ಉಪಸಂಹಾರ

ಮೈಸೂರು ರಾಜ್ಯ ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ನಂತರ 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡವು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಟ್ರೋಫಿಯನ್ನು ಮರಳಿ ತಂದಿತು. ಈ ಪರಂಪರೆ ಮುಂದುವರಿಯಬೇಕಾದರೆ ಬೇಗೂರಿನಂತಹ ನಗರದ ಅಂಚಿನ ಊರುಗಳ ಮಕ್ಕಳಿಗೂ ಕ್ರಮಬದ್ಧ ತರಬೇತಿ ಹಾಗೂ ನಿಶ್ಚಿತ ಜೀವನ ಮಾರ್ಗ ದೊರೆಯಬೇಕು. ರಾಜ್ಯದ ಕ್ರೀಡಾ ಶಾಲೆ ಹಾಗೂ ಕ್ರೀಡಾ ವಸತಿ ನಿಲಯಗಳಲ್ಲಿ ಆಯ್ಕೆಯಾದ ಮಕ್ಕಳಿಗೆ ಶಿಕ್ಷಣದೊಂದಿಗೆ ವಸತಿ, ಊಟ ಮತ್ತು ತರಬೇತಿಯ ಸೌಲಭ್ಯವಿರುತ್ತದೆ. ಆಯ್ಕೆಯ ವಯೋಮಿತಿ, ದಿನಾಂಕ ಮತ್ತು ಸ್ಥಳವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ತಿಳಿಸಲಾಗುತ್ತದೆ. ಆಸಕ್ತ ಪೋಷಕರು ಮಗುವಿನ ಓದು, ಆರೋಗ್ಯ ಮತ್ತು ಆಟ ಈ ಮೂರನ್ನೂ ಸಮನಾಗಿ ಪರಿಗಣಿಸಿ, ಅಗತ್ಯ ದಾಖಲೆಗಳೊಂದಿಗೆ ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸಬಹುದಾಗಿದೆ.