ಪಂಡಿತೆ ರಮಾಬಾಯಿಯವರ ಚರಿತ್ರೆ

ಸಿರಸಿ, ಸಿದ್ದಾಪುರ, ಯಲ್ಲಾಪುರದ ನಾವು ದಿನಾಲು ಕಾಣುವ ಸಹ್ಯಾದ್ರಿಯ ಸಾಲಿನಲ್ಲಿಯೇ, ದಕ್ಷಿಣದಲ್ಲಿ ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲವೆಂಬ ಕಾಡಿನಲ್ಲಿ, 1858ನೇ ಇಸವಿ ಏಪ್ರಿಲ್ 23ರಂದು ಪಂಡಿತೆ ರಮಾಬಾಯಿಯವರು ಹುಟ್ಟಿದರು. ಸ್ತ್ರೀಯರಿಗೆ ಸಂಸ್ಕೃತ ಸಲ್ಲದೆಂಬ ಲೋಕದ ಮಾತನ್ನು ಲಕ್ಷಿಸದೆ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಕಲಿಸಿದರು. ತಾಯಿಯು ಮಗಳಿಗೆ ಕಲಿಸಿದಳು. ಕ್ಷಾಮಕಾಲದಲ್ಲಿ ತಂದೆತಾಯಿಗಳು ತೀರಿಹೋಗಲು, ರಮಾಬಾಯಿಯವರು ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ವಿವಾಹವಾಯಿತು; 1882ರಲ್ಲಿ ಗಂಡನು ತೀರಿಕೊಂಡನು. ಎಳೆಯ ಮಗಳೊಂದಿಗೆ ಇಂಗ್ಲೆಂಡಿಗೆ ಹೋಗಿ 1883ರಲ್ಲಿ ದೀಕ್ಷಾಸ್ನಾನ ಹೊಂದಿದರು.

ಆ ಕಾಲದ ನ್ಯಾಯವು ಎಂಥದೆಂದರೆ, ಬಾಲ್ಯದಲ್ಲಿ ಮದುವೆಯಾಗಿದ್ದ ರುಖ್ಮಾಬಾಯಿ ಎಂಬಾಕೆಯು ಒಲ್ಲದ ಗಂಡನ ಮನೆಗಾಗಲಿ ಸೆರೆಮನೆಗಾಗಲಿ ಹೋಗಬೇಕೆಂದು 1887ರಲ್ಲಿ ಮುಂಬಯಿಯ ಹೈಕೋರ್ಟು ತೀರ್ಪು ಕೊಟ್ಟಿತು. ಅದೇ ವರುಷ ರಮಾಬಾಯಿಯವರು ಅಮೇರಿಕದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅನ್ಯಾಯವನ್ನು ಖಂಡಿಸಿದರು. ಖಂಡಿಸಿ ಸುಮ್ಮನಿರಲಿಲ್ಲ, ದಿಕ್ಕಿಲ್ಲದ ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ಸ್ಥಾಪಿಸಿದರು. 1896ರಿಂದ 97ರ ವರೆಗಿನ ಬರಗಾಲದಲ್ಲಿ, ಹಸಿದ ಹೆಣ್ಣುಮಕ್ಕಳನ್ನು ದುಷ್ಟರು ಅನ್ನದ ಆಸೆ ತೋರಿಸಿ ಒಯ್ಯುತ್ತಿರಲು, ತಾವೇ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಮಂದಿಯನ್ನು ಪುಣೆಯ ಬಳಿಯ ಕೇಡಗಾವಿಗೆ ಕರತಂದರು. ಅಲ್ಲಿಯ ಮುಕ್ತಿಸದನದಲ್ಲಿ ಅವರಿಗೆ ಓದು, ನೇಯಿಗೆ, ಹೊಲದ ಕೆಲಸ ಕಲಿಸಿದರು. ಕೆಟ್ಟುಹೋದವರೆಂದು ಜನರು ದೂಡಿದವರಿಗೂ ಕೃಪಾಸದನವೆಂಬ ಮನೆಯನ್ನು ಮಾಡಿದರು. 1922ನೇ ಇಸವಿ ಏಪ್ರಿಲ್ 5ರಂದು ಅವರು ಅಲ್ಲಿಯೇ ನಿದ್ರೆಹೋದರು.

ಅವರ ಕಾಲದಲ್ಲಿಲ್ಲದ ಕಾಯಿದೆಗಳು ಈಗ ಉಂಟು. 1950ರಿಂದ ಜಾರಿಯಲ್ಲಿರುವ ಸಂವಿಧಾನದ 23ನೇ ವಿಧಿಯು ಮನುಷ್ಯರ ಮಾರಾಟವನ್ನು ನಿಷೇಧಿಸುತ್ತದೆ. 2005ರ ಕಾಯಿದೆಯ ಮೇರೆಗೆ, ಮನೆಯಲ್ಲಿ ಹಿಂಸೆಪಡುವ ಹೆಂಗಸು ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆಜ್ಞೆಯನ್ನು ಬೇಡಬಹುದು. ತಾನು ಸಂಸಾರಮಾಡಿದ ಮನೆಯಲ್ಲಿ ಇರುವ ಹಕ್ಕೂ ಆಕೆಗುಂಟು. ಆಜ್ಞೆಯನ್ನು ಮೀರಿದವನಿಗೆ ಒಂದು ವರುಷದ ವರೆಗೆ ಸೆರೆಯಾಗಬಹುದು. 1987ರ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ, ಮಾರಾಟಕ್ಕೆ ಗುರಿಯಾದವರಿಗೂ ವಕೀಲರ ಸಹಾಯವು ಉಚಿತ. ಸಿರಸಿ, ಸಿದ್ದಾಪುರ, ಯಲ್ಲಾಪುರ ಮೂರರಲ್ಲಿಯೂ ನ್ಯಾಯಾಲಯವಿದೆ; 181 ಎಂಬ ದೂರವಾಣಿಯೂ ಇದೆ.

ಆದರೆ ಕಾಯಿದೆಯು ತಾನಾಗಿ ಮನೆಮನೆಗೆ ನಡೆದು ಬಾರದು. ಪೆಟ್ಟುತಿಂದ ಸೊಸೆಯೊಬ್ಬಳು ರಾತ್ರಿ ನಮ್ಮ ಜಗಲಿಯ ಮುಂದೆ ನಿಂತರೆ, ಮನೆತನದ ಮಾನಕ್ಕಾಗಿ ಆಕೆಯನ್ನು ಹಿಂದಕ್ಕೆ ಕಳುಹಿಸುವೆವೋ? ಹಾಗೆ ಮಾಡಿದರೆ 1887ರ ಆ ತೀರ್ಪನ್ನೇ ನಾವು ತಿರಿಗಿ ಕೊಟ್ಟಂತಾಗುವದು. ರಮಾಬಾಯಿಯವರನ್ನು ಹೊಗಳುವ ನಾವು, ಆ ರಾತ್ರಿ ಬಾಗಿಲು ತೆರೆದು, ಬೆಳಗಾದ ಮೇಲೆ ಆಕೆಯ ಸಂಗಡ ನ್ಯಾಯಾಲಯದ ಮೆಟ್ಟಲನ್ನು ಹತ್ತೋಣ.