ಮೇಷ್ಟರ ಕೋಟಿನ ಗುಂಡಿಗಳು

1908ರ ಡಿಸೆಂಬರ್. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿಟ್ನೆಲ್ ಎಂಬ ಊರಿನ ಹತ್ತಿ ಗಿರಣಿ. ನೂಲುವ ಯಂತ್ರದ ಪಕ್ಕ ಒಬ್ಬ ಹುಡುಗಿ ನಿಂತಿದ್ದಾಳೆ. ಎತ್ತರ 51 ಇಂಚು. ಕೆಲಸಕ್ಕೆ ಸೇರಿ ಒಂದು ವರ್ಷ, ಆಗಾಗ ರಾತ್ರಿ ಪಾಳಿ, ದಿನಕ್ಕೆ 48 ಸೆಂಟ್ ಕೂಲಿ. ವಯಸ್ಸೆಷ್ಟು ಎಂದು ಕೇಳಿದಾಗ ತಡವರಿಸಿ, ನೆನಪಿಲ್ಲ ಅಂದಳು. ಆಮೇಲೆ ಗುಟ್ಟಾಗಿ, ಕೆಲಸಕ್ಕೆ ಸೇರುವಷ್ಟು ವಯಸ್ಸು ತನಗಿನ್ನೂ ಆಗಿಲ್ಲ, ಆದರೂ ಮಾಡುತ್ತಿದ್ದೇನೆ ಎಂದು ಒಪ್ಪಿಕೊಂಡಳು. ಅಲ್ಲಿದ್ದ 50 ಕೆಲಸಗಾರರಲ್ಲಿ ಹತ್ತು ಮಂದಿ ಅವಳಷ್ಟೇ ಎತ್ತರದ ಮಕ್ಕಳು.

ಇಷ್ಟನ್ನೂ ಬರೆದಿಟ್ಟು, ಅವಳ ಫೋಟೊ ತೆಗೆದವನು ಲೂಯಿಸ್ ಹೈನ್. ಗಿರಣಿಯೊಳಗೆ ಅಳತೆ ಟೇಪು ಹಿಡಿದು ನಿಲ್ಲುವ ಹಾಗಿರಲಿಲ್ಲ. ತನ್ನ ಕೋಟಿನ ಒಂದೊಂದು ಗುಂಡಿಯೂ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಮಾತಾಡುವ ನೆಪದಲ್ಲಿ ಮಗುವಿನ ಪಕ್ಕ ನಿಂತರೆ, ತಲೆ ಯಾವ ಗುಂಡಿಗೆ ಬಂತು ಎಂದು ನೋಡಿದರೆ ಸಾಕು. ಕಿಸೆಯೊಳಗಿದ್ದ ಕೈ ಅಲ್ಲೇ ಕಾಗದದ ಮೇಲೆ ಗೀಚಿಕೊಳ್ಳುತ್ತಿತ್ತು. ಪತ್ತೇದಾರನ ಉಪಾಯದಂತೆ ಕಂಡರೂ ನನಗಿದು ಮೇಷ್ಟರ ಉಪಾಯವೆಂದೇ ಅನ್ನಿಸುತ್ತದೆ. ಅದೇ ವರ್ಷವಷ್ಟೇ ಅವನು ಶಾಲೆಯ ಕೆಲಸ ಬಿಟ್ಟು ಬಂದಿದ್ದ.

ಹೈನ್ ಹುಟ್ಟಿದ್ದು 1874ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ. 1892ರಲ್ಲಿ ಅಪಘಾತದಲ್ಲಿ ತಂದೆ ತೀರಿಕೊಂಡರು. ಹುಡುಗ ಪೀಠೋಪಕರಣ ಕಾರ್ಖಾನೆ ಸೇರಿದ. ದಿನಕ್ಕೆ 13 ಗಂಟೆ, ವಾರಕ್ಕೆ ಆರು ದಿನ. ಸಂಬಳ ವಾರಕ್ಕೆ ನಾಲ್ಕು ಡಾಲರ್. ಹಾಗೂ ಹೀಗೂ ಓದಿ 1901ರಲ್ಲಿ ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಸ್ಕೂಲಿನಲ್ಲಿ ಉಪಾಧ್ಯಾಯನಾದ. ಕಲಿಸುತ್ತಿದ್ದದ್ದು ಭೂಗೋಳ, ಗಿಡಮರ, ಹುಳಹುಪ್ಪಟೆ. ಶಾಲೆಯ ಮುಖ್ಯಸ್ಥ ಫ್ರಾಂಕ್ ಮ್ಯಾನಿ ಒಂದು ದಿನ ಅವನ ಕೈಗೆ ಕ್ಯಾಮೆರಾ ಕೊಟ್ಟ. ಆಗ ಹೈನ್‌ಗೆ ಮೂವತ್ತರ ಆಸುಪಾಸು. ತಾನೇ ಕಲಿತು, ಕಲಿಯುತ್ತಲೇ ಮಕ್ಕಳಿಗೆ ಕಲಿಸತೊಡಗಿದ.

ಭಾನುವಾರಗಳಲ್ಲಿ ನಮ್ಮ ಸೊಸೈಟಿಯ ಮಕ್ಕಳಿಗೆ ನಾನೂ ಫೋಟೊ ತೆಗೆಯುವುದನ್ನು ಹೇಳಿಕೊಡುತ್ತೇನೆ. ಮೊದಲ ದಿನವೇ ಕ್ಯಾಮೆರಾದ ಗುಂಡಿಗಳೆಲ್ಲ ಅವರಿಗೆ ಬಾಯಿಪಾಠ. ನೋಡುವುದನ್ನು ಕಲಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಹೈನ್ ತನ್ನ ಶಿಷ್ಯರನ್ನು ಫಿಫ್ತ್ ಅವೆನ್ಯೂದಲ್ಲಿದ್ದ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ನ ಪುಟ್ಟ ಗ್ಯಾಲರಿಗೆ ಕರೆದುಕೊಂಡು ಹೋಗಿದ್ದ. ಗೋಡೆಯ ಮೇಲಿದ್ದ ಚಿತ್ರಗಳನ್ನು ನೋಡಿ ಒಬ್ಬ ಹುಡುಗ, ತಾನು ಆಗುವುದಾದರೆ ಫೋಟೊಗ್ರಾಫರನೇ ಎಂದು ಅಂದೇ ನಿರ್ಧರಿಸಿಬಿಟ್ಟ. ಅವನು ಪಾಲ್ ಸ್ಟ್ರಾಂಡ್. ಇಪ್ಪತ್ತನೇ ಶತಮಾನದ ದೊಡ್ಡ ಫೋಟೊಗ್ರಾಫರುಗಳ ಪಟ್ಟಿ ಯಾರೇ ಮಾಡಲಿ, ಅವನ ಹೆಸರು ಇದ್ದೇ ಇರುತ್ತದೆ.

ಹೈನ್‌ನ ಮೊದಲ ದೊಡ್ಡ ಕೆಲಸವೂ ತರಗತಿಗಾಗಿಯೇ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಇಟಲಿ, ರಷ್ಯಾ ಮುಂತಾದ ಕಡೆಗಳಿಂದ ಸಾವಿರಾರು ಬಡವರು ಹಡಗಿಳಿಯುತ್ತಿದ್ದರು. ಮುನ್ನೂರು ವರ್ಷ ಹಿಂದೆ ಬಂದವರಿಗೆ ಪಠ್ಯದಲ್ಲಿ ಸಿಗುವ ಗೌರವ ಇವತ್ತು ಬಂದವರಿಗೂ ಸಿಗಬೇಕು, ಮಕ್ಕಳು ಅದನ್ನು ನೋಡಿ ತಿಳಿಯಬೇಕು ಎಂಬುದು ಮ್ಯಾನಿಯ ಆಸೆ. 1904ರಿಂದ ಹೈನ್ ಅಲ್ಲಿಗೆ ಹೋಗತೊಡಗಿದ. ಹೆಗಲ ಮೇಲೆ ಭಾರದ ಪೆಟ್ಟಿಗೆ ಕ್ಯಾಮೆರಾ, ಗಾಜಿನ ಪ್ಲೇಟುಗಳು, ಅಲುಗಾಡುವ ಮುಕ್ಕಾಲಿ. ಎದುರಿನವರ ಭಾಷೆ ಬಾರದು, ಕೈಸನ್ನೆಯಲ್ಲೇ ನಿಲ್ಲಿಸಬೇಕು. ತಟ್ಟೆಯಲ್ಲಿ ಮೆಗ್ನೀಸಿಯಂ ಪುಡಿ ಸುರಿದು ಕಿಡಿ ತಾಗಿಸಿದರೆ ಢಂ ಎಂದು ಬೆಳಕು, ಆಮೇಲೆ ಬರೀ ಹೊಗೆ. ಸಿಗುತ್ತಿದ್ದದ್ದು ಒಂದೇ ಅವಕಾಶ. ಆ ಚಿತ್ರಗಳಲ್ಲಿ ಗಂಟುಮೂಟೆ ಹಿಡಿದ ತಾಯಂದಿರ ಮುಖದಲ್ಲಿ ದಣಿವಿದೆ, ಅಂಜಿಕೆಯಿದೆ, ದೈನ್ಯವಿಲ್ಲ. ದಾದರಿನಲ್ಲಿ ಮೊದಲ ಸಲ ಟ್ರಂಕು ಹಿಡಿದು ಇಳಿದವರಿಗೆ ಆ ಮುಖ ಗುರುತು ಸಿಗದೇ ಇರದು.

1900ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 10ರಿಂದ 15 ವರ್ಷದೊಳಗಿನ 17 ಲಕ್ಷಕ್ಕೂ ಹೆಚ್ಚು ಮಕ್ಕಳು ದುಡಿಯುತ್ತಿದ್ದರು. ಅದನ್ನು ನಿಲ್ಲಿಸಲು ಹೊರಟ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿ 1908ರಲ್ಲಿ ಹೈನ್‌ನನ್ನು ಪೂರ್ಣಾವಧಿಗೆ ನೇಮಿಸಿಕೊಂಡಿತು. ಬಾಗಿಲು ತೆರೆಯಿಸಲು ಅವನು ಒಂದೂರಲ್ಲಿ ಬೈಬಲ್ ಮಾರುವವನಾದ, ಇನ್ನೊಂದೂರಲ್ಲಿ ಯಂತ್ರಗಳ ಫೋಟೊ ತೆಗೆಯಲು ಬಂದವನಾದ. ಒಳಗೆ ಬಿಡದಿದ್ದರೆ ಪಾಳಿ ಬಿಡುವ ತನಕ ಗೇಟಿನಲ್ಲೇ ಕಾದ. ಜಾರ್ಜಿಯಾದ ಮೇಕನ್‌ನಲ್ಲಿ ಬರಿಗಾಲಲ್ಲಿ ಯಂತ್ರ ಹತ್ತಿ ಹರಿದ ನೂಲು ಸೇರಿಸುವ ಹುಡುಗರು. ಪೆನ್ಸಿಲ್ವೇನಿಯಾದ ಪಿಟ್‌ಸ್ಟನ್‌ನಲ್ಲಿ ದೂಳಿನ ಮಧ್ಯೆ ಬೆನ್ನು ಬಗ್ಗಿಸಿ ಕಲ್ಲಿದ್ದಲಿನಿಂದ ಕಲ್ಲು ಹೆಕ್ಕುವವರು. ಮಗುವಿನ ಕಣ್ಣಿನ ಮಟ್ಟಕ್ಕೇ ಕ್ಯಾಮೆರಾ ಇಳಿಸುತ್ತಿದ್ದ. ಹಾಗಾಗಿ ಆ ಮಕ್ಕಳು ಇವತ್ತಿಗೂ ನಮ್ಮನ್ನು ನೇರವಾಗಿ ನೋಡುತ್ತವೆ. ಚಿತ್ರ ಸುಳ್ಳು ಎನ್ನಲು ಮಾಲೀಕರಿಗೆ ಎಡೆ ಸಿಗದಂತೆ ಊರು, ತಾರೀಖು, ವಯಸ್ಸು, ಕೂಲಿ ಎಲ್ಲವನ್ನೂ ಹಾಜರಿ ಪುಸ್ತಕದಷ್ಟು ಶಿಸ್ತಾಗಿ ಬರೆದಿಟ್ಟ. 1916ರಲ್ಲಿ ಕಾನೂನು ಬಂತು. ಎರಡೇ ವರ್ಷಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಗಟ್ಟಿಯಾಗಿ ನಿಂತ ಕಾನೂನು ಬಂದದ್ದು 1938ರಲ್ಲಿ. ಅಷ್ಟರಲ್ಲಿ ಆ 51 ಇಂಚಿನ ಹುಡುಗಿಗೆ ನಲವತ್ತರ ಹತ್ತಿರವಾಗಿರಬೇಕು.

ಆಮೇಲಿನ ಕಥೆ ಚಿಕ್ಕದು. 1930ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಏಳುತ್ತಿದ್ದಾಗ 56ರ ಹೈನ್ ಕಾರ್ಮಿಕರ ಜೊತೆಗೇ ಮೇಲೇರಿದ. ಕೊನೆಗೆ ಬುಟ್ಟಿಯಲ್ಲಿ ಕೂತು ಆಕಾಶದಲ್ಲಿ ತೇಲಾಡುತ್ತ ಚಿತ್ರ ತೆಗೆದ. ಅವನ್ನು 1932ರಲ್ಲಿ ಪುಸ್ತಕವಾಗಿಸಿದಾಗ ಮನಸ್ಸಿನಲ್ಲಿದ್ದ ಓದುಗರು ಮತ್ತೆ ಎಳೆಯರೇ. ಆದರೆ ಕೆಲಸ ಬರುವುದು ನಿಂತಿತು. ಹಳ್ಳಿಗಾಡಿನ ಬಡತನದ ಫೋಟೊ ತೆಗೆಸುತ್ತಿದ್ದ ಸರ್ಕಾರಿ ಯೋಜನೆಯಲ್ಲಿ ಕೆಲಸ ಕೇಳಿದ, ಸಿಗಲಿಲ್ಲ. ಮನೆ ಸಾಲಕ್ಕೆ ಹೋಯಿತು. 1939ರ ಕ್ರಿಸ್‌ಮಸ್ ವೇಳೆಗೆ ಹೆಂಡತಿ ಸಾರಾ ತೀರಿಕೊಂಡಳು. 1940ರ ನವೆಂಬರ್ 3ರಂದು ಅವನೂ ಹೋದ.

ಮಗ ಆ ಚಿತ್ರಗಳನ್ನೆಲ್ಲ ನ್ಯೂಯಾರ್ಕಿನ ಫೋಟೊ ಲೀಗ್ ಎಂಬ ಸಂಘಕ್ಕೆ ಒಪ್ಪಿಸಿದ. ಹಳೆಯ ಶಿಷ್ಯ ಪಾಲ್ ಸ್ಟ್ರಾಂಡ್ ಒಡನಾಡಿಯಾಗಿದ್ದ ಸಂಘವದು. ಅದೂ ಮುಚ್ಚಿದಾಗ ನ್ಯೂಯಾರ್ಕಿನ ಪ್ರಸಿದ್ಧ ಕಲಾ ಸಂಗ್ರಹಾಲಯವೊಂದು ಅವನ್ನು ಬೇಡವೆಂದಿತು. ರೋಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ತೆಗೆದುಕೊಂಡಿತು. ಸಮಿತಿಗಾಗಿ ತೆಗೆದ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ವಿಟ್ನೆಲ್‌ನ ಆ ಚಿತ್ರವೂ ಅಲ್ಲಿದೆ. ಅದರ ವಿವರದಲ್ಲಿ ಹುಡುಗಿಯ ಹೆಸರಿಲ್ಲ. ಎತ್ತರ ಇದೆ.